ರಾಣಿಯನ್ನು ಕೊಲ್ಲುವ ಮೊದಲು ಅಡಿಹಲಗೆ ನೋಡಿ

ಪುಣೆಯ ತಾರಸಿಯಲ್ಲಿಟ್ಟ ತುಡುವೆ ಜೇನಿನ ಪೆಟ್ಟಿಗೆ ಬೇಸಿಗೆಯಿಡೀ ಸಾಧುವಾಗಿತ್ತು, ಮಳೆ ಹಿಡಿದ ಮೇಲೆ ಹತ್ತಿರ ಹೋದವರನ್ನೆಲ್ಲ ಕುಟುಕುತ್ತಿದೆ, ಈ ರಾಣಿಯನ್ನು ಕೊಂದು ಬೇರೆ ರಾಣಿ ಕೊಟ್ಟರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ಇದೇ ಊರಿನಲ್ಲಿ, ಇಂಥದೇ ಒಂದು ಮಳೆಗಾಲದಲ್ಲಿ ನನ್ನ ಪೆಟ್ಟಿಗೆಗೂ ಇದೇ ಆಗಿತ್ತು.

ನಾನು ಸಿದ್ದಾಪುರದ ಕಡೆಯವನು. ಅಪ್ಪಯ್ಯನ ಅಡಿಕೆ ತೋಟದಲ್ಲಿ ಜೇನು ಪೆಟ್ಟಿಗೆಗಳು ಇದ್ದೇ ಇದ್ದವು. ಕೆಲಸಕ್ಕೆಂದು ಪುಣೆಗೆ ಬಂದು ಪೌಡ್ ರಸ್ತೆಯಲ್ಲಿ ಮನೆ ಮಾಡಿದ ಮೇಲೆ ಮುಳಶಿ ಕಡೆಯ ರೈತರೊಬ್ಬರಿಂದ ಒಂದು ಜೇನು ಕುಟುಂಬ ತಂದು ತಾರಸಿಯ ಮೂಲೆಯಲ್ಲಿ ಇಟ್ಟೆ. ಇಲ್ಲಿನವರು ತುಡುವೆಗೆ ಸಾತೇರಿ ಎನ್ನುತ್ತಾರೆ. ನೇರಳೆ, ಬೇವು, ಹುಣಸೆ ಒಂದಾದ ಮೇಲೊಂದು ಹೂ ಬಿಟ್ಟವು. ಕೆಳಗಿನ ಮನೆಯ ಕಾಕೂ ಪೆಟ್ಟಿಗೆಯ ಪಕ್ಕದಲ್ಲೇ ಬಟ್ಟೆ ಒಣಗಿಸುತ್ತಿದ್ದರು. ಒಂದು ನೊಣವೂ ಅವರ ತಂಟೆಗೆ ಹೋಗಲಿಲ್ಲ.

ಜೂನ್ ಕಳೆಯಿತು. ಮಳೆಯಲ್ಲಿ ಹೂವಿಲ್ಲ, ಇದ್ದ ಹೂವಿನ ಮಕರಂದವೂ ತೊಳೆದುಹೋಗುತ್ತದೆ. ಪೆಟ್ಟಿಗೆ ಎತ್ತಿ ನೋಡಿದರೆ ಹಗುರ. ಸಕ್ಕರೆ ಪಾಕ ಕೊಡಬೇಕು ಎಂದುಕೊಂಡೆ. ಅದು ಸರಿಯಾದ ಯೋಚನೆಯೇ. ಕೊಟ್ಟ ಹೊತ್ತು ಮತ್ತು ಕೊಟ್ಟ ರೀತಿ ಎರಡೂ ತಪ್ಪಾದವು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಪಾಕ ಕೊಡುತ್ತಿದ್ದೀರಿ ಎಂದು ಬರೆದಿದ್ದೀರಿ, ಯಾವಾಗ ಕೊಡುತ್ತೀರಿ ಎಂದು ಮಾತ್ರ ಬರೆದಿಲ್ಲ.

ಭಾನುವಾರ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಗಲವಾದ ತಟ್ಟೆಯಲ್ಲಿ ಪಾಕ ಸುರಿದು ಪೆಟ್ಟಿಗೆಯ ಹೊರಮುಚ್ಚಳದ ಮೇಲಿಟ್ಟೆ. ಇಡುವಾಗ ಒಂದಷ್ಟು ಚೆಲ್ಲಿತು. ಒಣಬಟ್ಟೆಯಿಂದ ಒರೆಸಿ ಬಿಟ್ಟೆ. ಬೇಸಿಗೆಯಲ್ಲಿ ಪೂರ್ತಿ ತೆರೆದಿದ್ದ ಪೆಟ್ಟಿಗೆಯ ಬಾಗಿಲು ಹಾಗೆಯೇ ಇತ್ತು. ನೊಣಕ್ಕೆ ದೂರದಲ್ಲಿ ಆಹಾರ ಸಿಕ್ಕರೆ ಅದು ಗೂಡಿಗೆ ಬಂದು ಕುಣಿತದಲ್ಲಿ ದಿಕ್ಕನ್ನೂ ದೂರವನ್ನೂ ತಿಳಿಸುತ್ತದೆ. ಕಾರ್ಲ್ ಫಾನ್ ಫ್ರಿಶ್ ಇದನ್ನು ಬಿಡಿಸಿದ್ದು, 1973ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಆದರೆ ಆಹಾರ ತೀರ ಹತ್ತಿರದಲ್ಲಿದ್ದರೆ ಆ ಕುಣಿತದಲ್ಲಿ ದಿಕ್ಕು ಸ್ಪಷ್ಟವಾಗುವುದಿಲ್ಲ. ಇಲ್ಲೇ ಎಲ್ಲೋ ಇದೆ, ಹುಡುಕಿ ಎಂದಷ್ಟೇ ಅರ್ಥ. ಹಾಗಾಗಿ ನೂರಾರು ನೊಣಗಳು ಹೊರಬಿದ್ದು ಸಿಹಿ ವಾಸನೆ ಇರುವ ಪ್ರತಿ ಸಂದನ್ನೂ ಮೂಸುತ್ತವೆ. ನನ್ನ ನೊಣಗಳಷ್ಟೇ ಅಲ್ಲ, ಪಕ್ಕದ ಹಳೆಯ ಗೋಡೆಯ ಪೊಟರೆಯಲ್ಲಿದ್ದ ಇನ್ನೊಂದು ಕುಟುಂಬದವೂ ಬಂದವು. ತಟ್ಟೆ ಖಾಲಿಯಾದ ಮೇಲೆ ಆ ಹೊರಗಿನ ನೊಣಗಳು ಮರಳಿ ಹೋಗಲಿಲ್ಲ. ಜೇನು ಕದಿಯಲು ಪೆಟ್ಟಿಗೆಯೊಳಗೆ ನುಗ್ಗಿದವು.

ಅದು ಕೊಳ್ಳೆ ಎಂದು ನನಗೆ ಹೊಳೆಯಲೇ ಇಲ್ಲ. ಬಾಗಿಲ ಮುಂದೆ ಹಾರುತ್ತಿದ್ದವುಗಳನ್ನು ಎಳೆಯ ನೊಣಗಳು ಗುರುತು ಹಿಡಿಯಲು ಹಾರುತ್ತಿವೆ ಎಂದುಕೊಂಡೆ. ವ್ಯತ್ಯಾಸ ತಿಳಿದಿರಲಿ: ಎಳೆಯವು ಗೂಡಿಗೆ ಮುಖ ಮಾಡಿ ತೇಲುತ್ತವೆ, ಸ್ವಲ್ಪ ಹೊತ್ತಿನಲ್ಲಿ ಒಳಗೆ ಹೋಗುತ್ತವೆ. ಕಳ್ಳ ನೊಣಗಳು ಅತ್ತಿತ್ತ ಸರ್ರನೆ ಹೊರಳುತ್ತವೆ, ಮುಚ್ಚಳದ ಸಂದು, ಮೂಲೆಯ ಬಿರುಕು ಎಲ್ಲವನ್ನೂ ತಡಕುತ್ತವೆ, ಕತ್ತಲಾಗುವವರೆಗೆ ಬಿಡುವುದಿಲ್ಲ. ಬಾಗಿಲಲ್ಲಿ ಜೋಡಿ ಜೋಡಿಯಾಗಿ ಕಚ್ಚಾಡಿ ಉರುಳುತ್ತವೆ. ಅಡಿಹಲಗೆಯ ಮೇಲೆ ಮೇಣದ ಪುಡಿ ಉದುರಿರುತ್ತದೆ, ಏಕೆಂದರೆ ಅವು ಜೇನು ತುಂಬಿಟ್ಟ ಮೇಣದ ಎರಿಯ ಮುಚ್ಚಳವನ್ನು ಒರಟಾಗಿ ಹರಿಯುತ್ತವೆ.

ಇದಾದ ಮೇಲೆ ಏನಾಗಿದೆ ನೋಡೋಣವೆಂದು ಪೆಟ್ಟಿಗೆ ಬಿಚ್ಚಿದೆ. ಹೊಗೆ ಹಾಕಿದೆ. ಎರಿ ಎತ್ತಿದಾಗ ಜೇನಿನ ವಾಸನೆ ತಾರಸಿಯೆಲ್ಲ ಹರಡಿ ಕಳ್ಳ ನೊಣಗಳು ಇನ್ನಷ್ಟು ಬಂದವು. ಮರುದಿನ ಕಾಕೂ ಬಟ್ಟೆ ತೆಗೆಯಲು ಬಂದಾಗ ರೆಪ್ಪೆಗೂ ಕುತ್ತಿಗೆಗೂ ಕುಟುಕಿದವು. ವಾರ ಕಳೆಯುವಷ್ಟರಲ್ಲಿ ಕುಟುಂಬ ಗೂಡು ಬಿಟ್ಟು ಹೋಯಿತು. ಸೊಸೈಟಿಯವರು ಮತ್ತೆಂದೂ ತಾರಸಿಯಲ್ಲಿ ಜೇನು ಇಡಲು ಒಪ್ಪಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ. ಈಗ ನನ್ನ ಪೆಟ್ಟಿಗೆಗಳು ಮುಳಶಿಯ ಸ್ನೇಹಿತರ ಹೊಲದಲ್ಲಿವೆ.

ಈಗ ನಿಮ್ಮ ರಾಣಿಯ ವಿಷಯ. ರಾಣಿ ಬದಲಿಸಿದರೆ ಕುಟುಂಬದ ಸ್ವಭಾವ ಬದಲಾಗುತ್ತದೆ ಎಂಬ ಮಾತು ಯುರೋಪಿನ ಜೇನು ಜಾತಿಯಾದ ಮೆಲ್ಲಿಫೆರಾ ಸಾಕುವವರ ವಿಡಿಯೊಗಳಿಂದ ಬಂದದ್ದು. ಅಲ್ಲಿ ಸಾಧು ತಳಿಯ ರಾಣಿಗಳನ್ನು ಬೆಳೆಸಿ ಅಂಚೆಯಲ್ಲಿ ಮಾರುತ್ತಾರೆ. ಮಳೆಗಾಲದ ಪುಣೆಯಲ್ಲಿ ತುಡುವೆ ರಾಣಿಯನ್ನು ಎಲ್ಲಿಂದ ತರುತ್ತೀರಿ? ಕುಟುಂಬವೇ ಹೊಸ ರಾಣಿ ಎಬ್ಬಿಸಿಕೊಂಡರೂ ಅದಕ್ಕೆ ಕೂಡಲು ಗಂಡು ನೊಣ ಬೇಕು. ಹೂವಿಲ್ಲದ ಕಾಲದಲ್ಲಿ ಗಂಡುಗಳನ್ನು ಕೆಲಸಗಾರ ನೊಣಗಳೇ ಹೊರದಬ್ಬುತ್ತವೆ. ರಾಣಿಯಿಲ್ಲದ ತುಡುವೆಯಲ್ಲಿ ಕೆಲಸಗಾರ ನೊಣಗಳು ಬಹುಬೇಗ ತಾವೇ ಮೊಟ್ಟೆಯಿಡಲು ತೊಡಗುತ್ತವೆ. ಆ ಮೊಟ್ಟೆಗಳಿಂದ ಗಂಡುಗಳು ಮಾತ್ರ ಹುಟ್ಟುತ್ತವೆ, ಕುಟುಂಬ ಅಲ್ಲಿಗೆ ಮುಗಿಯುತ್ತದೆ. ಅಷ್ಟೇ ಅಲ್ಲ, ರಾಣಿ ಕಳೆದುಕೊಂಡ ಕುಟುಂಬ ಇನ್ನಷ್ಟು ಕಂಗೆಟ್ಟು ಮೊರೆಯುತ್ತದೆ. ನೀವು ಕಡಿಮೆ ಮಾಡಲು ಹೊರಟಿರುವ ಸಿಟ್ಟು ಹೆಚ್ಚುತ್ತದೆ. ಬೇಸಿಗೆಯಲ್ಲಿ ಇದೇ ರಾಣಿಯ ಮಕ್ಕಳು ಸುಮ್ಮನಿದ್ದವಲ್ಲ, ಅಂದಮೇಲೆ ದೋಷ ರಕ್ತದಲ್ಲಿಲ್ಲ, ಕೊಳ್ಳೆಯಲ್ಲಿರಬಹುದು.

ಇಂದು ಸಂಜೆಯೇ ಬಾಗಿಲನ್ನು ಒಂದೆರಡು ನೊಣ ಮಾತ್ರ ನುಸುಳುವಷ್ಟು ಕಿರಿದು ಮಾಡಿ. ಸಂದುಗಳಿಗೆ ಜೇಡಿಮಣ್ಣು ಮೆತ್ತಿ. ಚೆಲ್ಲಿದ ಪಾಕವನ್ನು ನೀರು ಹಾಕಿ ತೊಳೆಯಿರಿ. ಪಾಕವನ್ನು ಹೊತ್ತು ಮುಳುಗಿದ ಮೇಲೆ, ಪೆಟ್ಟಿಗೆಯ ಒಳಗೇ, ಬೆಳಗಾಗುವುದರೊಳಗೆ ಮುಗಿಯುವಷ್ಟು ಮಾತ್ರ ಕೊಡಿ. ಪೆಟ್ಟಿಗೆಯನ್ನು ಹಗಲಲ್ಲಿ ಬಿಚ್ಚಲೇಬೇಡಿ. ಕಣಜಗಳು ಬಾಗಿಲ ಮುಂದೆ ಹೊಂಚು ಹಾಕುತ್ತಿವೆಯೇ ಎಂದೂ ಗಮನಿಸಿ. ಕಾವಲು ನೊಣಗಳು ಹೊತ್ತಿಡೀ ಕಣಜಗಳನ್ನು ಎದುರಿಸುತ್ತಿದ್ದರೆ ಹಾದುಹೋಗುವ ಮನುಷ್ಯನನ್ನೂ ಬಿಡುವುದಿಲ್ಲ.

ಕುಟುಕಿದರೆ ಮುಳ್ಳನ್ನು ತಕ್ಷಣ ತೆಗೆಯಿರಿ. ಉಗುರಿನಿಂದಲೋ ಬೆರಳಿನಿಂದಲೋ ಎಂಬ ಚರ್ಚೆ ಬೇಡ, ತಡವಾದಷ್ಟೂ ಅದು ವಿಷ ತುಂಬುತ್ತಲೇ ಇರುತ್ತದೆ. ಕುಟುಕಿದ ಜಾಗದಲ್ಲಿ ಬಾಳೆಹಣ್ಣಿನಂಥ ವಾಸನೆ ಉಳಿಯುತ್ತದೆ, ಅದು ಉಳಿದ ನೊಣಗಳನ್ನು ಅಲ್ಲಿಗೇ ಕರೆಯುತ್ತದೆ; ಅಲ್ಲಿಂದ ಸರಿದು ಹೋಗಿ ತೊಳೆದುಕೊಳ್ಳಿ. ಪೆಟ್ಟಿಗೆಗೆ ಹಾಕುವ ಹೊಗೆ ಕೆಲಸ ಮಾಡುವುದೂ ಮುಖ್ಯವಾಗಿ ಈ ವಾಸನೆಯನ್ನು ಮರೆಮಾಡುವುದರಿಂದ. ಯಾರಿಗಾದರೂ ಮುಖ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ.

ಇಷ್ಟಾದರೂ ಶಾಂತವಾಗದಿದ್ದರೆ ಗಣೇಶಖಿಂಡ ರಸ್ತೆಯಲ್ಲಿ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇದೆ, 1962ರಿಂದ ನಡೆಯುತ್ತಿದೆ, ಖಾದಿ ಗ್ರಾಮೋದ್ಯೋಗ ಆಯೋಗದ್ದು. ನಿಮ್ಮ ಊರಿನಲ್ಲೇ ಇರುವಾಗ ದೂರದ ವಿಡಿಯೊ ನೋಡಿ ಯಾಕೆ ತೀರ್ಮಾನಿಸುತ್ತೀರಿ? ಮೊದಲು ಅಡಿಹಲಗೆಯಲ್ಲಿ ಮೇಣದ ಪುಡಿ ಇದೆಯೇ ನೋಡಿ, ಇಲ್ಲೇ ಕೆಳಗೆ ಬರೆಯಿರಿ. ಇದ್ದರೆ ರಾಣಿಯನ್ನು ಮುಟ್ಟಬೇಡಿ, ಬಾಗಿಲು ಕಿರಿದು ಮಾಡಿ.