ಜಾಸ್ತಿ ಗಟ್ಟಿ ಇದೆಯಲ್ಲಾ, ಅದನ್ನೇ ಹಾಕಬಹುದಾ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್ ಇದೆ. ಮೊದಲ ಸಲ ವಿಮಾನದ ರೆಕ್ಕೆಯ ಬ್ರಾಕೆಟ್ ಆರ್ಡರ್ ಬಂದಿದೆ. ತೂತಿಗೆ ಸ್ಟೀಲ್ ಬುಷ್ (ತೂತಿನೊಳಗೆ ಬಿಗಿಯಾಗಿ ಕೂರುವ ಸಣ್ಣ ಕೊಳವೆ) ಪ್ರೆಸ್ ಮಾಡಬೇಕು. ಡ್ರಾಯಿಂಗ್‌ನಲ್ಲಿ 7075-ಟಿ7351 ಅಲ್ಯೂಮಿನಿಯಂ ಪ್ಲೇಟ್ ಅಂತಿದೆ. ನನ್ನ ಹತ್ತಿರ 7075-ಟಿ651 ದಪ್ಪ ಪ್ಲೇಟ್ ಇದೆ, ಅದು ಇನ್ನೂ ಗಟ್ಟಿ. ಅದನ್ನೇ ಬಳಸಿ ಆನೋಡೈಸ್ ಮಾಡಿಸಿದರೆ (ಮೇಲ್ಮೈಗೆ ರಕ್ಷಣೆಯ ಪದರ ಕೂರಿಸಿದರೆ) ಸಾಕಲ್ವಾ?

ಉತ್ತರ: ದಯವಿಟ್ಟು ಬೇಡ. ಎರಡೂ 7075 ನಿಜ. ಅಲ್ಯೂಮಿನಿಯಂಗೆ ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿದ ಒಂದೇ ಲೋಹ. ಬೇರೆಯಾಗಿರುವುದು ಹದ, ಅಂದರೆ ಕಾಯಿಸಿದ ರೀತಿ. ನಿಮ್ಮ ಟಿ651 ಪ್ಲೇಟ್ ಟಿ6 ಹದದ್ದು, ಡ್ರಾಯಿಂಗ್‌ನ ಟಿ7351 ಟಿ73 ಹದದ್ದು. ಮಂಡ್ಯದ ಆಲೆಮನೆಯಲ್ಲಿ ಒಂದೇ ಕಬ್ಬಿನ ಹಾಲಿನಿಂದ ಜೋನಿ ಬೆಲ್ಲವೂ ಬರುತ್ತದೆ, ಅಚ್ಚು ಬೆಲ್ಲವೂ ಬರುತ್ತದೆ. ಪಾಕ ಯಾವಾಗ ಇಳಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇಲ್ಲೂ ಹಾಗೇ. ಟಿ6 ಹದಕ್ಕೆ ಸುಮಾರು 120 ಡಿಗ್ರಿಯಲ್ಲಿ 24 ಗಂಟೆ ಕಾಯಿಸಿ, ಬಲ ತುದಿ ಮುಟ್ಟಿದಾಗ ನಿಲ್ಲಿಸುತ್ತಾರೆ. ಟಿ73ಕ್ಕೆ 160 ಡಿಗ್ರಿ ದಾಟಿಸಿ ಮತ್ತೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಬಲ ಶೇ. 10ರಿಂದ 15ರಷ್ಟು ಇಳಿಯುತ್ತದೆ. ಬೇಕೆಂದೇ ಇಳಿಸುವುದು.

ಯಾಕೆ ಅಂದರೆ, ದಪ್ಪ ಪ್ಲೇಟ್ ಒಳಗೆ ಲೋಹದ ಕಣಗಳು ಚಪ್ಪಟೆಯಾಗಿ ಪದರ ಪದರವಾಗಿ ಮಲಗಿರುತ್ತವೆ. ದಪ್ಪದ ದಿಕ್ಕಿನಲ್ಲಿ ಸದಾ ಎಳೆತವಿದ್ದು, ಜೊತೆಗೆ ತೇವ ಸೇರಿದರೆ ಆ ಪದರಗಳ ನಡುವೆ ಬಿರುಕು ಹೊರಡುತ್ತದೆ. ಟಿ651ಕ್ಕೆ ಸುಮಾರು 50 ಮೆಗಾಪಾಸ್ಕಲ್ (ಎಳೆತ ಅಳೆಯುವ ಮಾನ) ಎಳೆತವೇ ಸಾಕು. ಅಂದರೆ ಅದರ ಬಲದ ಹತ್ತರಲ್ಲೊಂದು ಪಾಲು! ಟಿ7351 ಸುಮಾರು 300ರವರೆಗೆ ತಡೆಯುತ್ತದೆ. ಈ ಎಳೆತ ಬರಲು ವಿಮಾನ ಹಾರಲೇಬೇಕೆಂದಿಲ್ಲ. ನೀವು ಪ್ರೆಸ್ ಮಾಡಿದ ಬುಷ್ ಹಗಲು ರಾತ್ರಿ ತೂತನ್ನು ಹಿಗ್ಗಿಸುತ್ತಲೇ ಇರುತ್ತದೆ.

ಅಂಥ ಹಳೆಯ ಬ್ರಾಕೆಟ್ ಒಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಪೇಂಟ್ ಹೊಸದರ ಹಾಗೇ ಇತ್ತು. ಪೇಂಟ್ ತೆಗೆದು ಉಗುರು ಆಡಿಸಿದರೂ ಏನೂ ಸಿಗಲಿಲ್ಲ. ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಚ್ಚಿ, ಒರೆಸಿ, ಅದನ್ನು ಹೊರಗೆಳೆದು ತೋರಿಸುವ ಡೆವಲಪರ್ ಸಿಂಪಡಿಸಿದ ಮೇಲೆ ಬುಷ್ ಅಂಚಿನಿಂದ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಇವತ್ತಿಗೂ ಅದು ಕಣ್ಣ ಮುಂದಿದೆ.

ಆನೋಡೈಸ್ ಬೇಕು, ಪ್ರೈಮರ್ ಕೂಡ ಬೇಕು. ಆದರೆ ಅದು ಮೈಕ್ರಾನ್ ಲೆಕ್ಕದ ಚರ್ಮ. ಬುಷ್ ಒತ್ತುವಾಗ ಒಂದು ಗೀರು ಬಿದ್ದರೆ ಮುಗಿಯಿತು. ಸ್ಟೀಲು ಅಲ್ಯೂಮಿನಿಯಂ ತಾಗುವ ಕಡೆ ನೀರು ನಿಂತರೆ ತಿಂದುಹೋಗುವುದು ಅಲ್ಯೂಮಿನಿಯಂ. ಅದಕ್ಕೇ ಬುಷ್‌ಗೆ ಸೀಲಂಟ್ ಅಥವಾ ಹಸಿ ಪ್ರೈಮರ್ ಹಚ್ಚಿ ಕೂರಿಸುತ್ತಾರೆ. ನಿಮ್ಮ ಡ್ರಾಯಿಂಗ್‌ನ ನೋಟ್ಸ್‌ನಲ್ಲಿ ಏನಿದೆ ನೋಡಿ.

ಟಿ7351 ಕೊಳ್ಳುವಾಗ ಪ್ಲೇಟ್ ತಯಾರಿಸಿದವರು ಕೊಡುವ ಮಿಲ್ ಸರ್ಟಿಫಿಕೇಟ್ ಇಲ್ಲದೆ ದುಡ್ಡು ಕೊಡಬೇಡಿ. ಕಣ್ಣಿಗೆ ಎರಡೂ ಪ್ಲೇಟ್ ಒಂದೇ ಥರ. ಸಂಶಯ ಬಂದರೆ ಎಡ್ಡಿ ಕರೆಂಟ್ ಮೀಟರ್‌ನಲ್ಲಿ ವಿದ್ಯುತ್ ವಾಹಕತೆ ನೋಡಿಸಿ. ತಾಮ್ರವನ್ನು 100 ಅಂತ ಇಟ್ಟುಕೊಂಡರೆ ಟಿ7351ಕ್ಕೆ 38 ಅಥವಾ ಜಾಸ್ತಿ ಬರಬೇಕು, ಟಿ651ಕ್ಕೆ ಸುಮಾರು 33 ಬರುತ್ತದೆ. ಮಾಲು ಸಿಗದಿದ್ದರೆ ಆರ್ಡರ್ ಕೊಟ್ಟವರನ್ನೇ ಕೇಳಿ, ಬದಲಿ ಏನೆಂದು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಅದನ್ನು ತೀರ್ಮಾನಿಸುವುದು ಡಿಸೈನ್ ಮಾಡಿದವರ ಕೆಲಸ.

ಇನ್ನು ನಿಮ್ಮ ಟಿ651 ಪ್ಲೇಟ್. ಇವತ್ತೇ ಅದರ ಮೇಲೆ ಪೇಂಟ್‌ನಲ್ಲಿ ಟಿ651 ಅಂತ ದೊಡ್ಡದಾಗಿ ಬರೆದು ಬೇರೆ ರ‍್ಯಾಕ್‌ಗೆ ಸಾಗಿಸಿ. ಕತ್ತರಿಸಿ ಉಳಿದ ತುಂಡುಗಳ ಮೇಲೂ ಬರೆಯಿರಿ.