ಸಂದೇಶ ಭದ್ರ, ಅಳತೆ ಭದ್ರವಲ್ಲ

ಒಂದೇ ರೇಡಿಯೊ ಅಲೆ ಮುಂದಿನ ಕಾರಿನ ದೂರವನ್ನೂ ಅಳೆದು, ಅದಕ್ಕೆ ಸಂದೇಶವನ್ನೂ ಕಳಿಸುವುದಾದರೆ, ಎನ್‌ಕ್ರಿಪ್ಟ್ ಮಾಡಿದ ಮೇಲೆ (ಕೀಲಿ ಇಲ್ಲದವರು ಓದಲಾಗದಂತೆ ಬದಲಿಸಿದ ಮೇಲೆ) ಎರಡೂ ಭದ್ರ ಅಲ್ವಾ ಎಂದು ಕೇಳಿದ್ದೀರಿ. ಇಲ್ಲ, ಸಂದೇಶ ಮಾತ್ರ ಭದ್ರ.

ದೂರ ಅಳೆಯುವಾಗ ಕಾರು ಸಂದೇಶವನ್ನು ಓದುವುದಿಲ್ಲ. ಅಲೆ ಹೋಗಿ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದಷ್ಟೇ ನೋಡುತ್ತದೆ. ಯಾರಾದರೂ ಆ ಅಲೆಯನ್ನು ಹಿಡಿದು, 100 ನ್ಯಾನೊಸೆಕೆಂಡ್ ತಡಮಾಡಿ, ಜಾಸ್ತಿ ಶಕ್ತಿಯಲ್ಲಿ ವಾಪಸ್ ಕಳಿಸಿದರೆ ಮುಂದಿನ ಗಾಡಿ ಇನ್ನೂ 15 ಮೀಟರ್ ದೂರ ಇದ್ದಂತೆ ಕಾಣಬಹುದು. ಅದಕ್ಕೆ ಸಂದೇಶ ಬಿಡಿಸುವ ಕೀಲಿಯೇ ಬೇಕಿಲ್ಲ. ಬ್ರೇಕ್ ಹಾಕಬೇಕಾದ ಕಡೆ ಕಾರು ಸುಮ್ನೆ ಮುಂದೆ ಹೋದರೆ? ನನಗೆ ನಿಜಕ್ಕೂ ಭಯವಾಗುವುದು ಇಲ್ಲೇ.

ಗಾಡಿಯನ್ನು ಹತ್ತಿರ ತೋರಿಸುವುದು ಕಷ್ಟ. ಸುಳ್ಳು ಅಲೆ ನಿಜವಾದ ಪ್ರತಿಧ್ವನಿಗಿಂತ ಮೊದಲೇ ತಲುಪಬೇಕು, ಹಾಗಾಗಿ ಅಲೆಯ ಆಕಾರ ಮೊದಲೇ ಗೊತ್ತಿರಬೇಕು. ಆದರೆ 60 ಗಿಗಾಹರ್ಟ್ಸ್ ವೈಫೈನಲ್ಲಿ ಪ್ಯಾಕೆಟ್ಟಿನ ಮೊದಲ ತುಂಡು, ಅಂದರೆ ಪ್ರಿಆಂಬಲ್, ಸ್ಟ್ಯಾಂಡರ್ಡಿನಲ್ಲೇ ಬಹಿರಂಗವಾಗಿದೆ. ರಾಡಾರ್ ಕೆಲಸಕ್ಕೂ, ಅಂದರೆ ದೂರ ಅಳೆಯಲೂ, ಅದನ್ನೇ ಬಳಸಿದರೆ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಅದಕ್ಕೇ ಅಲೆಯ ಆಕಾರವನ್ನು ಪ್ರತಿಸಲ ಗುಟ್ಟಾದ ಕೀಲಿಯಿಂದ ಬದಲಿಸಬೇಕು. ನನಗೆ ತುಂಬಾ ಇಷ್ಟವಾದ ಉಪಾಯ ಇನ್ನೊಂದಿದೆ. ಯಾರೂ ಊಹಿಸಲಾಗದ ಕ್ಷಣದಲ್ಲಿ ಕಾರು ಅಲೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಆಗಲೂ ಪ್ರತಿಧ್ವನಿ ಬಂದರೆ ನಡುವೆ ಯಾರೋ ಕೈಯಾಡಿಸುತ್ತಿದ್ದಾರೆ. ಬಹಳ ವೇಗದ ಉಪಕರಣ ಇದನ್ನೂ ತಪ್ಪಿಸಿಕೊಳ್ಳಬಲ್ಲದು. ಆದ್ದರಿಂದ ಕ್ಯಾಮೆರಾ ಕಂಡದ್ದು, ಮುಂದಿನ ಗಾಡಿ ಡಿಜಿಟಲ್ ಸಹಿ (ಕಳಿಸಿದ್ದು ತಾನೇ ಎಂಬ ಗುರುತು) ಹಾಕಿ ಕಳಿಸಿದ ಸ್ಥಾನ, ಇವೆರಡರ ಜೊತೆಗೂ ತಾಳೆ ನೋಡಲೇಬೇಕು.