ಪೀಚ್ ಕಾಬ್ಲರ್: ಮೇಲೆ ಕೆಂಪಗೆ ಬೆಂದರೂ ಒಳಗೆ ಹಿಟ್ಟು ಹಸಿಯಾಗೇ ಉಳಿಯುವುದೇಕೆ?

ನೀವು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದ್ದೀರಿ, ಸಂತೆಯಿಂದ ಒಂದು ಚೀಲ ಪೀಚ್ ತಂದಿದ್ದೀರಿ, ಪ್ಯಾಕೆಟ್ ಮಿಕ್ಸ್ ಇಲ್ಲದೆ ಕಾಬ್ಲರ್, ಅಂದರೆ ಹಣ್ಣು ಮತ್ತು ಹಿಟ್ಟು ಸೇರಿಸಿ ಓವನ್‌ನಲ್ಲಿ ಬೇಯಿಸುವ ಸಿಹಿತಿಂಡಿ, ಮಾಡಬೇಕು. ಎರಡು ಸಲ ಮಾಡಿದಾಗಲೂ ಮೇಲೆ ಚೆನ್ನಾಗಿ ಕೆಂಪಾಯಿತು, ಚಮಚ ಇಳಿಸಿದರೆ ಹಿಟ್ಟಿನ ಅಡಿ ಹಸಿ, ಅದರ ಕೆಳಗೆ ತಿಳಿಸಾರಿನಂಥ ನೀರು. ಎರಡಕ್ಕೂ ಕಾರಣ ಒಂದೇ: ತಣ್ಣಗಿನ ಹಣ್ಣಿನ ಮೇಲೆ ಹಿಟ್ಟು ಹಾಕಿದ್ದೀರಿ.

ಪೀಚ್ ಹಣ್ಣಿನ ನೂರು ಗ್ರಾಂನಲ್ಲಿ ಸುಮಾರು 89 ಗ್ರಾಂ ನೀರೇ. ಓವನ್‌ನ ಬಿಸಿಗೆ ಮೇಲಿನ ಹಿಟ್ಟು ಇಪ್ಪತ್ತು ನಿಮಿಷದಲ್ಲಿ ಬಣ್ಣ ತಿರುಗುತ್ತದೆ. ಕೆಳಗಿರುವ ಒಂದು ಕಿಲೋ ಹಣ್ಣು ಕುದಿಗೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಲ್ಲಿಯವರೆಗೆ ಹಿಟ್ಟಿನ ಅಡಿ ಬೆಚ್ಚನೆಯ ರಸದಲ್ಲಿ ನೆನೆಯುತ್ತಿರುತ್ತದೆ, ಬೇಯುವುದಿಲ್ಲ. ಕಾರ್ನ್‌ಫ್ಲೋರ್ ಕೂಡ ಕುದಿಯ ಹತ್ತಿರ ಬರುವ ತನಕ ಗಟ್ಟಿ ಮಾಡುವ ಕೆಲಸ ಸರಿಯಾಗಿ ಮಾಡುವುದಿಲ್ಲ. ಬಣ್ಣ ನೋಡಿ ಹೊರಗೆ ತೆಗೆದರೆ ಎರಡೂ ಅರ್ಧಕ್ಕೇ ನಿಂತಿರುತ್ತವೆ. ಹಾಗಾಗಿ ಹಣ್ಣಿನ ನೀರನ್ನು ಸ್ವಲ್ಪ ಮೊದಲೇ ಹೊರಗೆ ತರಬೇಕು, ಹಣ್ಣು ಗುಳ್ಳೆ ಬಿಡುವಾಗಲೇ ಹಿಟ್ಟು ಹಾಕಬೇಕು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಾಬ್ಲರ್ ಎಂದರೆ ಒಂದೇ ತಿಂಡಿಯಲ್ಲ. ಕೆಲವರು ಪೈ ಹಿಟ್ಟನ್ನು ಲಟ್ಟಿಸಿ ಪಟ್ಟಿ ಪಟ್ಟಿಯಾಗಿ ಹೆಣೆದು ಮುಚ್ಚುತ್ತಾರೆ. ಕೆಲವರು ಕರಗಿದ ಬೆಣ್ಣೆಯ ಮೇಲೆ ತೆಳು ಹಿಟ್ಟು ಸುರಿದು ಅದರ ಮೇಲೆ ಹಣ್ಣು ಹಾಕುತ್ತಾರೆ. ಇನ್ನು ಕೆಲವರು ಬಿಸ್ಕಿಟ್ ಹಿಟ್ಟನ್ನು ಮುದ್ದೆ ಮುದ್ದೆಯಾಗಿ ಹಣ್ಣಿನ ಮೇಲೆ ಇಡುತ್ತಾರೆ. ಈ ಬಿಸ್ಕಿಟ್ ನಮ್ಮ ಚಹಾದ ಬಿಸ್ಕತ್ತಲ್ಲ, ಬೇಕಿಂಗ್ ಪೌಡರ್ ಹಾಕಿ ಉಬ್ಬಿಸಿದ ಮೆತ್ತನೆಯ ಬನ್ನಿನಂಥದ್ದು. ಓಟ್ಸ್ ಪುಡಿ ಉದುರಿಸಿದ್ದು ಕ್ರಿಸ್ಪ್, ಅದನ್ನು ಕಾಬ್ಲರ್ ಎಂದು ಕರೆದರೆ ಜಾರ್ಜಿಯಾದ ಅಜ್ಜಿಯರು ಒಪ್ಪಲಿಕ್ಕಿಲ್ಲ. ನಾನು ಬಿಸ್ಕಿಟ್ ಬಗೆಯನ್ನೇ ಹೇಳುತ್ತೇನೆ. ನಿಮ್ಮ ತೊಂದರೆ ಬಂದದ್ದೂ ಅದರಲ್ಲೇ, ಮೇಲಾಗಿ ಅದಕ್ಕೆ ಮೊಟ್ಟೆ ಬೇಕಿಲ್ಲ.

ಮೊದಲು ಹಣ್ಣು. ಜಾರ್ಜಿಯಾದಲ್ಲಿ ಮೇ ತಿಂಗಳಲ್ಲಿ ಮೊದಲು ಬರುವವು ಓಟೆಗೆ ತಿರುಳು ಅಂಟಿಕೊಂಡಿರುವ ಕ್ಲಿಂಗ್‌ಸ್ಟೋನ್. ರುಚಿಯಲ್ಲಿ ಕೊರತೆಯಿಲ್ಲ, ಆದರೆ ಹೋಳು ನೆಟ್ಟಗೆ ಬರುವುದಿಲ್ಲ, ಅರ್ಧ ಹಣ್ಣು ಕೈಯಲ್ಲೇ ಹಿಸುಕಿಹೋಗುತ್ತದೆ. ಜೂನ್ ನಡುವಿನ ನಂತರ ಬರುವ ಫ್ರೀಸ್ಟೋನ್ ಹಣ್ಣನ್ನು ಸುತ್ತ ಸೀಳಿ ತಿರುಚಿದರೆ ಎರಡು ಹೋಳಾಗಿ ಓಟೆ ಸಲೀಸಾಗಿ ಬಿಟ್ಟುಕೊಡುತ್ತದೆ. ಕಾಬ್ಲರ್‌ಗೆ ಇದೇ ಸರಿ. ತೊಟ್ಟಿನ ಹತ್ತಿರ ಒತ್ತಿದರೆ ಸ್ವಲ್ಪ ಬಗ್ಗಬೇಕು, ಪರಿಮಳ ಬರಬೇಕು. ಪೂರ್ತಿ ಮೆತ್ತಗಾದದ್ದು ಓವನ್‌ನಲ್ಲಿ ಜಾಮ್ ಆಗುತ್ತದೆ, ಅದನ್ನು ಹಾಗೇ ತಿಂದುಬಿಡಿ. ಕೆಂಪು ಬಣ್ಣ ನೋಡಿ ಮೋಸಹೋಗಬೇಡಿ. ಆ ಕೆಂಪು ತಳಿಯ ಮತ್ತು ಬಿಸಿಲಿನ ಗುಣ. ಹಣ್ಣಾಗಿದೆಯೇ ಎಂಬುದನ್ನು ಹೇಳುವುದು ಆ ಕೆಂಪಿನ ಹಿನ್ನೆಲೆಯಲ್ಲಿ ಕಾಣುವ ಸಿಪ್ಪೆಯ ಬಣ್ಣ, ಅದು ಹಸಿರು ಬಿಟ್ಟು ಹಳದಿಗೆ ತಿರುಗಿರಬೇಕು.

ಅಳತೆ 9 ಇಂಚಿನ ಚೌಕ ಪಾತ್ರೆಗೆ, ಆರರಿಂದ ಎಂಟು ಜನಕ್ಕೆ. ಹಣ್ಣಿಗೆ: ಪೀಚ್ 1.2 ಕಿಲೋ (ಮಧ್ಯಮ ಗಾತ್ರದ ಎಂಟೊಂಬತ್ತು), ಸಕ್ಕರೆ 100 ಗ್ರಾಂ, ನಿಂಬೆ ರಸ 1 ಟೇಬಲ್ ಚಮಚ, ಕಾರ್ನ್‌ಫ್ಲೋರ್ 1 ಟೇಬಲ್ ಚಮಚ, ಚಿಟಿಕೆ ಉಪ್ಪು, ತುರಿದ ಜಾಯಿಕಾಯಿ ಚಿಟಿಕೆ. ಮೇಲಿನ ಹಿಟ್ಟಿಗೆ: ಮೈದಾ 190 ಗ್ರಾಂ (ಅಮೆರಿಕದ ಕಪ್ಪಿನಲ್ಲಿ ಒಂದೂವರೆ), ಸಕ್ಕರೆ 40 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡ ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ 85 ಗ್ರಾಂ (ಅಲ್ಲಿನ ಒಂದು ಸ್ಟಿಕ್‌ನ ಮುಕ್ಕಾಲು ಭಾಗ), ಬಟರ್‌ಮಿಲ್ಕ್ 150 ಎಂ.ಎಲ್. ಉಪ್ಪು ಹಾಕಿದ ಬೆಣ್ಣೆಯಾದರೆ ಹಿಟ್ಟಿನ ಉಪ್ಪನ್ನು ಅರ್ಧಕ್ಕೆ ಇಳಿಸಿ. ಅಲ್ಲಿನ ಅಂಗಡಿಯ ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್, ಉಪ್ಪು ಎರಡೂ ಸೇರಿರುತ್ತವೆ. ಅದನ್ನು ಬಳಸಿದರೆ ಇವೆರಡನ್ನೂ ಬಿಡಿ. ಮರೆತು ಮತ್ತೆ ಹಾಕಿದರೆ ಬಾಯಲ್ಲಿ ಲೋಹದ ರುಚಿ ಬರುತ್ತದೆ.

ಸಿಪ್ಪೆ ತೆಗೆಯಲು ಹಣ್ಣಿನ ಬುಡದಲ್ಲಿ ಅಡ್ಡ-ಉದ್ದ ಗೀರಿ, ಕುದಿಯುವ ನೀರಿನಲ್ಲಿ 30ರಿಂದ 60 ಸೆಕೆಂಡ್ ಬಿಟ್ಟು, ಐಸ್ ನೀರಿಗೆ ಹಾಕಿ. ಹಣ್ಣಾಗಿದ್ದರೆ ಸಿಪ್ಪೆ ಟೊಮೆಟೊದ್ದರಂತೆ ಜಾರುತ್ತದೆ. ಬರದಿದ್ದರೆ ಇನ್ನೂ ಕುದಿಸಬೇಡಿ, ಅದು ಕಾಯಿ ಎಂದರ್ಥ, ಪೀಲರ್ ಹಿಡಿಯಿರಿ. ಒಂದು ಹಣ್ಣನ್ನು ಎಂಟು ಹೋಳು ಮಾಡಿ. ತೆಳುವಾದ ಹೋಳು ಕರಗಿಹೋಗುತ್ತದೆ. ಸಕ್ಕರೆ, ಉಪ್ಪು ಬೆರೆಸಿ 40 ನಿಮಿಷ ಜರಡಿಯಲ್ಲಿ ಹಾಕಿ, ಕೆಳಗೊಂದು ಬಟ್ಟಲು ಇಡಿ. ಹಣ್ಣಿನ ಮೇಲೆ ಅವಲಂಬಿಸಿ ಒಂದು ಲೋಟದಷ್ಟು ರಸ ಇಳಿಯಬಹುದು. ಅದನ್ನು ಸಣ್ಣ ಪಾತ್ರೆಯಲ್ಲಿ ಅರ್ಧಕ್ಕೆ ಬರುವವರೆಗೆ ಕುದಿಸಿ. ಕುದಿಸುವಾಗ ಒಂದು ಹಿಡಿ ಕೆಂಪು ಸಿಪ್ಪೆ ಹಾಕಿ ಸೋಸಿದರೆ ರಸಕ್ಕೆ ಗುಲಾಬಿ ಬಣ್ಣ ಬರುತ್ತದೆ. ಇಳಿಸಿ ಎರಡು ನಿಮಿಷ ಬಿಟ್ಟು, ನಿಂಬೆ ರಸಕ್ಕೆ ಒಂದು ಚಮಚ ತಣ್ಣೀರು ಸೇರಿಸಿ ಅದರಲ್ಲಿ ಕದಡಿದ ಕಾರ್ನ್‌ಫ್ಲೋರನ್ನು ಬೆರೆಸಿ. ಒಲೆಯ ಮೇಲೆ ಮತ್ತೆ ಕುದಿಸಬೇಡಿ. ಅಲ್ಲೇ ಗಂಜಿಯಾದರೆ ಹೋಳುಗಳಿಗೆ ಸಮವಾಗಿ ಹತ್ತುವುದಿಲ್ಲ. ಹೋಳುಗಳನ್ನು ಪಾತ್ರೆಗೆ ಹಾಕಿ ಈ ರಸ ಸುರಿದು ಜಾಯಿಕಾಯಿ ಉದುರಿಸಿ. ದಾಲ್ಚಿನ್ನಿ ಹಾಕುವವರೇ ಹೆಚ್ಚು. ಒಳ್ಳೆಯ ಪೀಚ್‌ನ ಪರಿಮಳವನ್ನು ಅದು ನುಂಗಿಹಾಕುತ್ತದೆ ಎಂಬುದು ನನ್ನ ಅಭಿಪ್ರಾಯ. ಹಣ್ಣು ಸಪ್ಪೆಯಿದ್ದರೆ ಹಾಕಿ.

ಪಾತ್ರೆ ಗಾಜಿನದೋ ಪಿಂಗಾಣಿಯದೋ ಇರಲಿ. ಬರಿಯ ಅಲ್ಯೂಮಿನಿಯಂ ಹಣ್ಣಿನ ಹುಳಿಗೆ ರುಚಿ ಕೆಡಿಸುತ್ತದೆ. ಗಾಜನ್ನು ಫ್ರಿಜ್‌ನಿಂದ ನೇರ ಓವನ್‌ಗೆ ಇಡಬೇಡಿ, ಬಿರುಕು ಬಿಡಬಹುದು. ಉಕ್ಕುವ ರಸ ಹಿಡಿಯಲು ಕೆಳಗೊಂದು ಟ್ರೇ ಇಡಿ. ಸುಟ್ಟ ಸಕ್ಕರೆಯನ್ನು ಓವನ್ ತಳದಿಂದ ಕೆರೆಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ಓವನ್ 220 ಡಿಗ್ರಿ ಸೆಲ್ಸಿಯಸ್, ಅಂದರೆ 425 ಫ್ಯಾರನ್‌ಹೀಟ್. ಹಣ್ಣನ್ನಷ್ಟೇ 12ರಿಂದ 15 ನಿಮಿಷ ಇಡಿ, ಅಂಚಿನಲ್ಲಿ ಗುಳ್ಳೆ ಏಳಬೇಕು. ಹಿಟ್ಟು ಮಾಡುವುದು ಈ ಹೊತ್ತಿನಲ್ಲಿ, ಅದಕ್ಕೂ ಮುಂಚೆ ಅಲ್ಲ. ಸೋಡ ಹುಳಿ ಸೇರಿದ ಕ್ಷಣವೇ ಕೆಲಸ ಶುರುಮಾಡುತ್ತದೆ. ಕಲಸಿದ ಹಿಟ್ಟು ಅರ್ಧ ಗಂಟೆ ಕಾದರೆ ಉಬ್ಬುವ ಶಕ್ತಿ ಕುಗ್ಗುತ್ತದೆ.

ಒಣ ಸಾಮಾನುಗಳನ್ನು ಬೆರೆಸಿ, ಬೆಣ್ಣೆಯನ್ನು ಚಿಕ್ಕ ತುಂಡು ಮಾಡಿ ಹಾಕಿ, ನಿಪ್ಪಟ್ಟಿನ ಹಿಟ್ಟಿಗೆ ಬೆಣ್ಣೆ ತಿಕ್ಕುವಂತೆ ಬೆರಳ ತುದಿಯಲ್ಲಿ ತಿಕ್ಕಿ. ಆದರೆ ನಿಪ್ಪಟ್ಟಿನಷ್ಟು ಪೂರ್ತಿ ಬೆರೆಯಬಾರದು, ಬಟಾಣಿ ಗಾತ್ರದ ಚೂರುಗಳು ಅಲ್ಲಲ್ಲಿ ಉಳಿಯಬೇಕು. ಓವನ್‌ನಲ್ಲಿ ಆ ಚೂರು ಕರಗಿ, ಅದರೊಳಗಿನ ನೀರು ಆವಿಯಾಗಿ ಹಿಟ್ಟಿನಲ್ಲಿ ಪೊಳ್ಳು ಬಿಡುತ್ತದೆ. ಬಿಸ್ಕಿಟ್ ಹಗುರಾಗುವುದು ಹೀಗೆ. ಬೆಣ್ಣೆ ಕೈಬಿಸಿಗೆ ಕರಗಿದರೆ ಹಿಟ್ಟು ಭಾರವಾಗುತ್ತದೆ. ಬಟ್ಟಲನ್ನು ಐದು ನಿಮಿಷ ಫ್ರೀಜರ್‌ನಲ್ಲಿಟ್ಟು ಮುಂದುವರಿಸಿ. ಬಟರ್‌ಮಿಲ್ಕ್ ಸುರಿದು ಫೋರ್ಕ್‌ನಲ್ಲಿ ಹತ್ತು ಹನ್ನೆರಡು ಸುತ್ತು ತಿರುಗಿಸಿ ನಿಲ್ಲಿಸಿ. ಗಂಟು ಗಂಟಾಗಿ, ಕೈಗೆ ಅಂಟುವಂತೆ ಇರಬೇಕು. ಚಪಾತಿ ಕಲಸಿ ಅಭ್ಯಾಸವಿದ್ದವರ ಕೈ ಇಲ್ಲಿ ತಡೆಯುವುದಿಲ್ಲ, ನಾದಿಬಿಡುತ್ತದೆ. ನಾದಿದರೆ ಜಿಗುಟು ಬಂದು ಬಿಸ್ಕಿಟ್ ರಬ್ಬರಾಗುತ್ತದೆ.

ಈ ಬಟರ್‌ಮಿಲ್ಕ್ ನಾವು ಕುಡಿಯುವ ನೀರು ಮಜ್ಜಿಗೆಯಲ್ಲ, ಹೆಪ್ಪು ಹಾಕಿ ಹುಳಿ ಬರಿಸಿದ ಮಂದ ಹಾಲು. ಸಿಗದಿದ್ದರೆ 100 ಎಂ.ಎಲ್ ಗಟ್ಟಿ ಮೊಸರಿಗೆ 50 ಎಂ.ಎಲ್ ಹಾಲು ಸೇರಿಸಿ ಕಡೆಯಿರಿ. ಬರಿ ಹಾಲು ಹಾಕುವುದಾದರೆ ಸೋಡ ಬಿಡಬೇಕು. ಹುಳಿ ಸಾಲದೆ ಹೋದರೆ ಸೋಡದ ವಾಸನೆ ಉಳಿಯುತ್ತದೆ.

ಹಣ್ಣಿನ ಪಾತ್ರೆ ಹೊರಗೆ ತೆಗೆದು, ಹಿಟ್ಟನ್ನು ಒಂಬತ್ತು ಮುದ್ದೆಯಾಗಿ, ನಡುವೆ ಬೆರಳಗಲ ಜಾಗ ಬಿಟ್ಟು ಇಡಿ. ಪೂರ್ತಿ ಮುಚ್ಚಬೇಡಿ, ಆವಿ ಹೋಗಲು ಆ ಸಂದು ಬೇಕೇಬೇಕು. ಮೇಲೆ ಒಂದು ಚಮಚ ದಪ್ಪ ಸಕ್ಕರೆ ಉದುರಿಸಿ. ಉರಿ 200 ಡಿಗ್ರಿಗೆ (400 ಫ್ಯಾರನ್‌ಹೀಟ್) ಇಳಿಸಿ 20ರಿಂದ 25 ನಿಮಿಷ ಬೇಯಿಸಿ. ಬಣ್ಣವೊಂದನ್ನೇ ನಂಬಬೇಡಿ. ನಡುವಿನ ಒಂದು ಬಿಸ್ಕಿಟನ್ನು ಚಮಚದಿಂದ ಎತ್ತಿ ಅಡಿ ನೋಡಿ: ಬ್ರೆಡ್ಡಿನ ತಿರುಳಿನಂತೆ ಕಂಡರೆ ಆಯಿತು, ಹೊಳೆಯುತ್ತಿದ್ದರೆ ಹಸಿ. ಅಡುಗೆ ಥರ್ಮಾಮೀಟರ್ ಇದ್ದರೆ ಹಿಟ್ಟಿನ ನಡುವೆ 93 ಡಿಗ್ರಿ ಬರಬೇಕು. ಪಾತ್ರೆಯ ನಡುವೆಯೂ ಗುಳ್ಳೆ ನಿಧಾನವಾಗಿ, ಮಂದವಾಗಿ ಏಳಬೇಕು. ಅಂಚಿನಲ್ಲಿ ಮಾತ್ರ ಎದ್ದರೆ ಸಾಲದು. ಮೇಲೆ ಬೇಗ ಕಪ್ಪಾಗುತ್ತಿದ್ದರೆ ಫಾಯಿಲ್ ಸಡಿಲವಾಗಿ ಹೊದಿಸಿ ಮುಂದುವರಿಸಿ.

ತೆಗೆದ ಮೇಲೆ ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ರಸ ಪೂರ್ತಿ ಮಂದವಾಗುವುದು ತಣಿಯುವಾಗ. ಬಿಸಿಬಿಸಿಯಾಗಿ ಬಡಿಸಿದರೆ ಸರಿಯಾಗಿ ಬೆಂದ ಕಾಬ್ಲರ್ ಕೂಡ ನೀರಾಗೇ ಕಾಣುತ್ತದೆ. ಉಗುರು ಬೆಚ್ಚಗಿರುವಾಗ ವೆನಿಲಾ ಐಸ್‌ಕ್ರೀಮ್ ಜೊತೆ ಕೊಡಿ.

ಡಬ್ಬದ ಪೀಚ್ ಆದರೆ 29 ಔನ್ಸಿನ ಎರಡು ಡಬ್ಬ ಬಸಿದು ಹಾಕಿ. ಸಕ್ಕರೆ ಎರಡು ಟೇಬಲ್ ಚಮಚ ಸಾಕು, ನಿಂಬೆ ರಸ ದುಪ್ಪಟ್ಟು ಮಾಡಿ, ಸಕ್ಕರೆ ಬೆರೆಸಿ ಜರಡಿಯಲ್ಲಿಡುವ ಕೆಲಸವಿಲ್ಲ. ಕಾರ್ನ್‌ಫ್ಲೋರ್ ಕದಡಲು ಬಸಿದ ಪಾಕದಲ್ಲೇ ಅರ್ಧ ಲೋಟ ಉಳಿಸಿಕೊಳ್ಳಿ. ಫ್ರೋಜನ್ ಹೋಳುಗಳನ್ನು ಜರಡಿಯಲ್ಲೇ ಪೂರ್ತಿ ಕರಗಿಸಿ, ಇಳಿದ ನೀರನ್ನು ರಸದಂತೆಯೇ ಕುದಿಸಿ ಇಂಗಿಸಿ. ಇದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ಹಿಮಾಚಲದಂಥ ದೂರದ ಊರಿಂದ ಬರುವ ಪೀಚ್ ಗಟ್ಟಿಯಿದ್ದಾಗಲೇ ಕಿತ್ತದ್ದಾಗಿರುತ್ತದೆ. ಕಾಗದದ ಚೀಲದಲ್ಲಿ ಎರಡು ಮೂರು ದಿನ ಇಟ್ಟು ಹಣ್ಣು ಮಾಡಿಕೊಳ್ಳಿ. ಚಿಕ್ಕ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಮೇಲಿನ ರಾಡ್ ತೀರ ಹತ್ತಿರವಿರುವುದರಿಂದ ಪಾತ್ರೆಯನ್ನು ಕೆಳಗಿನ ಹಂತದಲ್ಲಿಡಿ.

ಉಳಿದದ್ದನ್ನು ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಬಿಸ್ಕಿಟ್ ಒದ್ದೆ ಸ್ಪಂಜಾಗುತ್ತದೆ. ಓವನ್‌ನಲ್ಲಿ 175 ಡಿಗ್ರಿಗೆ 15 ನಿಮಿಷ ಇಟ್ಟರೆ ಮೇಲ್ಪದರ ಮತ್ತೆ ಗರಿಯಾಗುತ್ತದೆ. ಜನ ಹೆಚ್ಚಿದ್ದು ದುಪ್ಪಟ್ಟು ಮಾಡುವುದಾದರೆ 9 ಇಂಚು ಅಗಲ, 13 ಇಂಚು ಉದ್ದದ ಆಳವಾದ ಪಾತ್ರೆ ತೆಗೆದುಕೊಳ್ಳಿ. ಹಣ್ಣಿನ ಪದರ ದಪ್ಪವಾಗುವುದರಿಂದ ಮೊದಲ ಸುತ್ತಿಗೆ, ಅಂದರೆ ಹಣ್ಣನ್ನಷ್ಟೇ ಬೇಯಿಸುವುದಕ್ಕೆ, ಇನ್ನೂ ಎಂಟು ಹತ್ತು ನಿಮಿಷ ಸೇರಿಸಿ.